ಬೋರ್ಡು ಬದಲಾಯಿತು, ಇನ್ನು ಜ್ವರ ಇಳಿಯಬೇಕು

ಹೆಸರು ಬದಲಾಯಿಸುವುದರಲ್ಲಿ ನಮ್ಮ ಜಿಲ್ಲೆಯವರಿಗೆ ಒಳ್ಳೆ ಅನುಭವ ಇದೆ. 2014ರ ಅಕ್ಟೋಬರ್ 31ರ ರಾತ್ರಿ ಬಿಜಾಪುರದಲ್ಲಿ ಮಲಗಿದ ನಾವು ಬೆಳಿಗ್ಗೆ ವಿಜಯಪುರದಲ್ಲಿ ಎದ್ದೆವು. ನಳದ ನೀರು ಮಾತ್ರ ಹಳೇ ಊರಿನ ಟೈಮಿಗೇ ಬಂತು. ಹಾಗಾಗಿ ಆರೋಗ್ಯ ಇಲಾಖೆಯ ಹೊಸ ಚಿಕಿತ್ಸೆ ನಮಗೆ ಹೊಸದು ಅನಿಸಲೇ ಇಲ್ಲ. ಜ್ವರ ಬಂದರೆ ಗುಳಿಗೆ, ಗಾಯ ಆದರೆ ಪಟ್ಟಿ, ಸಿಬ್ಬಂದಿ ಕಡಿಮೆ ಇದ್ದರೆ ಬೋರ್ಡಿಗೆ ಹೊಸ ಹೆಸರಿನ ಪೇಂಟು.

ಇಂಡಿ ಕಡೆ ನಮ್ಮೂರಲ್ಲಿ ಒಂದು ಆರೋಗ್ಯ ಉಪಕೇಂದ್ರ ಇದೆ. ಬಯಲುಸೀಮೆಯಲ್ಲಿ 5000 ಜನಕ್ಕೆ ಒಂದು ಅನ್ನೋದು ಲೆಕ್ಕ. ಎರಡು ಕೋಣೆ, ಒಂದು ಬೇವಿನ ಗಿಡ, ಒಂದು ಬೀಗ. 2018ರ ನಂತರ ಅದು ಆರೋಗ್ಯ ಮತ್ತು ಕ್ಷೇಮ ಕೇಂದ್ರ ಆಯಿತು. 2023ರ ನವೆಂಬರ್‌ನಲ್ಲಿ ದಿಲ್ಲಿಯಿಂದ ಪತ್ರ ಬಂತು, ಇನ್ನು ಮೇಲೆ ಆಯುಷ್ಮಾನ್ ಆರೋಗ್ಯ ಮಂದಿರ ಅನ್ನಿ, ಜೊತೆಗೆ 'ಆರೋಗ್ಯಂ ಪರಮಂ ಧನಂ' ಅಂತಲೂ ಬರೆಸಿ ಅಂತ. ಮಂದಿರ ಅಂದ ಮೇಲೆ ಬಾಗಿಲು ಯಾವಾಗ ತೆರೆಯುತ್ತದೆ ಅನ್ನೋದು ಪೂಜಾರಿಗೆ ಬಿಟ್ಟದ್ದು, ಅಲ್ವಾ? ಬೀಗ ಮಾತ್ರ ಮೂರೂ ಹೆಸರಿಗೆ ಒಂದೇ.

ಒಳಗಿದ್ದವರಿಗೂ ಬಡ್ತಿ ಸಿಕ್ಕಿದೆ, ಹೆಸರಿನಲ್ಲಿ. ಊರೆಲ್ಲ ನರ್ಸಬಾಯಿ ಅಂತ ಕರೆಯುತ್ತಿದ್ದ ಎಎನ್‌ಎಂ ಈಗ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ. ಪಕ್ಕದ ಕುರ್ಚಿಯಲ್ಲಿ ಸಮುದಾಯ ಆರೋಗ್ಯ ಅಧಿಕಾರಿ, ಅದು ಗುತ್ತಿಗೆ ಮೇಲೆ. ದೊಡ್ಡ ದವಾಖಾನೆಯ ಸ್ಟಾಫ್ ನರ್ಸು ಶುಶ್ರೂಷಾಧಿಕಾರಿ. ಎಲ್ಲರೂ ಅಧಿಕಾರಿಗಳಾದ ಮೇಲೆ ಸಲಾಯಿನ್ ಬಾಟಲಿ ಹಿಡಿಯೋರು ಯಾರು ಅಂದರೆ, ನಾವೇ.

ಹೋದ ವರ್ಷ ಮಳೆಗಾಲದಲ್ಲಿ ನಮ್ಮ ಚಿಗವ್ವನಿಗೆ ವಾಂತಿ ಭೇದಿ ಆಗಿ ಒಂದು ಸರಕಾರಿ ದವಾಖಾನೆಗೆ ಸೇರಿಸಿದ್ದೆವು. ಯಾವುದು ಅಂತ ಕೇಳಬೇಡಿ, ನಿಮ್ಮೂರಿನದೇ ಅನ್ಕೊಳ್ಳಿ, ನಡೆಯುತ್ತದೆ. 'ಶುಶ್ರೂಷಾಧಿಕಾರಿಗಳ ಕೊಠಡಿ' ಅಂತ ಹೊಸ ಬೋರ್ಡು ಮಿಂಚುತ್ತಿತ್ತು. ಅಧಿಕಾರಿಗಳು ಅಂತ ಬಹುವಚನದಲ್ಲಿ ಬರೆದಿದ್ದರೂ ರಾತ್ರಿ ಪಾಳಿಗೆ ಇದ್ದದ್ದು ಒಬ್ಬರೇ ಸಿಸ್ಟರ್. ನಿದ್ದೆ ಬರದೆ ಎಣಿಸಿದೆ. ಮಂಚದ ಮೇಲಿದ್ದವರು, ಮಂಚದ ಸಂದಿಯಲ್ಲಿ ಚಾಪೆ ಹಾಸಿಕೊಂಡವರು ಸೇರಿ 43 ರೋಗಿಗಳು. ನಿಯಮದ ಪುಸ್ತಕದಲ್ಲಿ ಸಾಮಾನ್ಯ ವಾರ್ಡಿಗೆ ಐದಾರು ರೋಗಿಗೆ ಒಬ್ಬ ನರ್ಸ್, ಐಸಿಯು ಆದರೆ ಒಬ್ಬರಿಗೆ ಒಬ್ಬರು ಅಂತ ಇದೆ. ಪುಸ್ತಕ ಚೆನ್ನಾಗಿದೆ. ಸಲಾಯಿನ್ ಸ್ಟ್ಯಾಂಡಿಗೆ ಒಂದು ಗಾಲಿ ಇರಲಿಲ್ಲ, ಅದಕ್ಕೇ ಅದನ್ನು ಗೋಡೆಗೆ ಒರಗಿಸಿ ಯಾರೋ ಟವೆಲ್ ಒಣಹಾಕಿದ್ದರು. ನಾವು ಬಾಟಲಿಯನ್ನು ಕಿಟಕಿಯ ಸರಳಿಗೆ ಕಟ್ಟಿದೆವು, ಪೆಟಿಕೋಟಿನ ಲಾಡಿಯಿಂದ. ಲಾಡಿ ಚಿಗವ್ವನದೇ.

ಹನಿ ನಿಂತರೆ ಕರೆಯಬೇಕು. ಕರೆದರೆ ಸಿಸ್ಟರ್ 'ಬಂದೆ ರೀ' ಅಂದು ಅರ್ಧ ದಾರಿ ಬರುವಷ್ಟರಲ್ಲಿ ಇನ್ನೊಂದು ಮೂಲೆಯಿಂದ ಕೂಗು. ನಡುನಡುವೆ ಓಡಿ ಹೋಗಿ ರಿಜಿಸ್ಟರ್ ಬರೆಯೋದು, ಬರೆದದ್ದನ್ನೇ ಮತ್ತೆ ಕಂಪ್ಯೂಟರಿಗೆ ಹಾಕೋದು. ರಾತ್ರಿ ಎರಡಕ್ಕೆ ಬಂದು ಚಿಗವ್ವನ ಆಭಾ ನಂಬರ್ ಕೇಳಿದರು. ಸರಕಾರದ ಡಿಜಿಟಲ್ ಆರೋಗ್ಯ ಗುರುತಿನ 14 ಅಂಕಿಯ ನಂಬರ್. ನರ ಸಿಗದೆ ಮೂರು ಕಡೆ ಚುಚ್ಚಿಸಿಕೊಂಡಿದ್ದ ಚಿಗವ್ವ ಸಿಸ್ಟರ್ ಮುಖ ನೋಡಿ, "ನಂಬರ್ ಇರಲಿ ಬಿಡ್ರಿ ಬಾಯಾರ, ಮೊದಲ ನೀವ್ ಒಂದ್ ಗಳಿಗಿ ಕುಂದರ್ರಿ" ಅಂದಳು. ಅವರು ಕೂರಲಿಲ್ಲ.

ನಮ್ಮ ಕಡೆ ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಸೋದರತ್ತೆ ಬರುತ್ತಾಳೆ. ಕಿವಿಯಲ್ಲಿ ಹೆಸರು ಹೇಳುತ್ತಾಳೆ, ಸುತ್ತಲಿನ ಹೆಂಗಸರು ಬೆನ್ನಿಗೆ ಗುದ್ದುತ್ತಾರೆ, ಗುಗ್ಗರಿ ತಿಂದು ಸೀರೆ ತಗೊಂಡು ತನ್ನೂರಿಗೆ ಹೋಗುತ್ತಾಳೆ. ಹೇಲು ಉಚ್ಚೆ ಬಳಿಯೋದು ಹೆತ್ತವಳ ಪಾಲು. ಸರಕಾರವೂ ಸೋದರತ್ತೆಯೇ. ಒಂದೇ ವ್ಯತ್ಯಾಸ ಅಂದರೆ ಇಲ್ಲಿ ಗುದ್ದು ಬೀಳೋದು ಸಿಸ್ಟರ್ ಬೆನ್ನಿಗೆ. ಸಿಬ್ಬಂದಿ ಮೇಲೆ ಕೈ ಮಾಡಿದರೆ ಜೈಲು ಅನ್ನುವ 2009ರ ಕಾಯ್ದೆ ಇದೆ, ಅದರ ಬೋರ್ಡೂ ಆ ವಾರ್ಡಿನಲ್ಲಿತ್ತು. ಅದೊಂದಕ್ಕೆ ಯಾರೂ ಬಣ್ಣ ಹಚ್ಚಿಸಿಲ್ಲ. 'ಹಲ್ಲೆ ಮಾಡಿದರೆ' ಅನ್ನೋದರಲ್ಲಿ ಕೊನೆಯ ಎರಡು ಅಕ್ಷರ ಅಳಿಸಿಹೋಗಿ 'ಹಲ್ಲೆ ಮಾಡಿ' ಅಂತಷ್ಟೇ ಉಳಿದಿದೆ.

ಇಷ್ಟೆಲ್ಲ ನಾಮಕರಣದಲ್ಲಿ ಅಧಿಕಾರಿ ಪಟ್ಟ ಸಿಗದೆ ಉಳಿದವರು ಆಶಾ ಕಾರ್ಯಕರ್ತೆಯರು. ಸಾವಿರ ಜನಕ್ಕೆ ಒಬ್ಬರು. ಬಿಸಿಲಲ್ಲಿ ಮನೆಮನೆ ತಿರುಗುವವರು. ಅಧಿಕಾರಿ ಅಂದರೆ ಸಂಬಳ ಕೊಡಬೇಕಾಗುತ್ತದೆ, ಕಾರ್ಯಕರ್ತೆ ಅಂದರೆ ಗೌರವಧನದಲ್ಲಿ ಮುಗಿಯುತ್ತದೆ. 2022ರಲ್ಲಿ ಜಿನೀವಾದ ವಿಶ್ವ ಆರೋಗ್ಯ ಸಂಸ್ಥೆ ಇವರಿಗೆ ಪ್ರಶಸ್ತಿ ಕೊಟ್ಟಿತು. 2025ರ ಜನವರಿ ಚಳಿಯಲ್ಲಿ ಇವರೇ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಮಲಗಿ, ತಿಂಗಳಿಗೆ ಹತ್ತು ಸಾವಿರ ಕೊಡುತ್ತೇವೆ ಅನ್ನುವ ಮಾತು ತಗೊಂಡು ಬಂದರು. ಗೌರವ ಜಿನೀವಾದಿಂದ ಬಂದರೂ ಧನಕ್ಕೆ ಧರಣಿ ಕೂರಬೇಕು.

ಕ್ಷಯಕ್ಕೂ ಇದೇ ಮದ್ದು. 2020ರಲ್ಲಿ 'ನಿಯಂತ್ರಣ' ಕಾರ್ಯಕ್ರಮ ಹೋಗಿ 'ನಿರ್ಮೂಲನಾ' ಕಾರ್ಯಕ್ರಮ ಆಯಿತು, ಗಡುವು 2025. ವರ್ಷ ಮುಗಿಯಿತು, ಕೆಮ್ಮು ಇದೆ.

ಬಡವರಿಗೆ ಹೆಸರಿಟ್ಟಿಲ್ಲ ಅಂದುಕೊಳ್ಳಬೇಡಿ. ತಾಂಡಾದಿಂದ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋಗುವ ತಾಯಿ, ಕೂಸಿನ ಲಸಿಕೆ ಲೆಕ್ಕ ಬರೆದಿಡುವ 'ತಾಯಿ ಕಾರ್ಡ'ನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಜೋಳದ ಹಿಟ್ಟಿನ ಡಬ್ಬಿಯ ಜೊತೆ ಕಟ್ಟಿಕೊಂಡೇ ಹೋಗುತ್ತಾಳೆ. ಅಲ್ಲಿ ಗದ್ದೆಯಲ್ಲಿ ಕೂಸಿಗೆ ಮುಂದಿನ ಲಸಿಕೆ ತಪ್ಪಿದರೆ ಆ ಕೂಸು ಇಲಾಖೆಯ ಭಾಷೆಯಲ್ಲಿ 'ಡ್ರಾಪ್‌ಔಟ್'. ಇನ್ನೂ ಅಂಬೆಗಾಲಿಡುವ ಕೂಸು ತಾನಾಗೇ ಲಸಿಕೆ ಬಿಟ್ಟು ಎದ್ದು ಹೋಯಿತು ಅನ್ನೋ ಹಾಗೆ. ಕಾರು ಇದ್ದವರು ಸಣ್ಣ ಕೆಮ್ಮಿಗೂ ಸೊಲ್ಲಾಪುರಕ್ಕೋ ಮಿರಜಕ್ಕೋ ಹೋಗಿ ಬರುತ್ತಾರೆ. ಅವರೂ ಊರ ಕೇಂದ್ರ ಬಿಟ್ಟವರೇ. ಅವರನ್ನು ಯಾರೂ ಡ್ರಾಪ್‌ಔಟ್ ಅನ್ನೋದಿಲ್ಲ. ಸುಮ್ನೆ ಹೇಳಿದೆ.

ನಮ್ಮೂರ ಪೇಂಟರ್ ಕಾಕಾ ಆ ಉಪಕೇಂದ್ರದ ಬೋರ್ಡು ಮೂರು ಸಲ ಬರೆದವನು. ಈಗೀಗ ಹಳೇ ಅಕ್ಷರ ಪೂರ್ತಿ ಕೆರೆಯುವುದಿಲ್ಲ, "ಯಾವಾಗ ವಾಪಸ್ ಬರತೈತೋ ಯಾರಿಗ್ಗೊತ್ತು" ಅಂತಾನೆ. ಹೋದ ತಿಂಗಳು 'ಮಂದಿರ'ಕ್ಕೆ ಇನ್ನೊಂದು ಕೋಟು ಹೊಡೆಯುವಾಗ ತಗಡಿನ ಅಂಚು ತಾಗಿ ಅಂಗೈ ಸೀಳಿತು. ಏಣಿ ಇಳಿದು ಬಾಗಿಲಿಗೆ ಹೋದರೆ ಬೀಗ. ಸುರಕ್ಷಾಧಿಕಾರಿ ಪಕ್ಕದೂರಿಗೆ ಲಸಿಕೆ ಹಾಕಲು ಹೋಗಿದ್ದರು, ಸಮುದಾಯ ಅಧಿಕಾರಿ ತಾಲ್ಲೂಕಿನಲ್ಲಿ ತರಬೇತಿಗೆ. ಕಾಕಾ ಬ್ರಷ್ ಒರೆಸುವ ಬಟ್ಟೆಯನ್ನೇ ಕೈಗೆ ಸುತ್ತಿಕೊಂಡು ಬಸ್‌ಸ್ಟ್ಯಾಂಡ್ ಹಿಂದಿನ 'ಡಾಕ್ಟರ್' ಹತ್ತಿರ ಹೋಗಿ, 150 ರೂಪಾಯಿ ಕೊಟ್ಟು ಟಿಟಿ ಸೂಜಿ ಮಾಡಿಸಿಕೊಂಡು ಬಂದ. ಆ ಡಾಕ್ಟರ್ ಏನು ಓದಿದ್ದಾನೆ ಅಂತ ಊರಿಗೆ ಗೊತ್ತಿಲ್ಲ. ನಡುರಾತ್ರಿ ಬಡಿದರೂ ಬಾಗಿಲು ತೆಗೆಯುತ್ತಾನೆ, ಅಷ್ಟು ಗೊತ್ತು. ಬಾಗಿಲ ಮೇಲೆ ಬೋರ್ಡಿಲ್ಲ.

"ನಿಮಗೂ ಒಂದ್ ಬೋರ್ಡ್ ಬರದ್ ಕೊಡ್ಲೇನ್ರಿ" ಅಂತ ಕಾಕಾ ಕೇಳಿದನಂತೆ.

"ಬ್ಯಾಡೋ ಮಾರಾಯಾ. ನೀ ಅಲ್ಲಿ ಬರದದ್ದ ಸಾಕು, ನನಗ ಗಿರಾಕಿ ಬರ್ತಾರ."