ಬಾಣಂತಿಯ ಮನೆಗೆ ಬರುವವರು ಯಾರು?

ನಮ್ಮ ಎರಡನೆಯ ಮಗು ಹುಟ್ಟುವ ಕೆಲವು ವಾರಗಳ ಮುಂಚೆ, ನೆದರ್‌ಲ್ಯಾಂಡ್ಸ್‌ನ ನಮ್ಮ ಬಾಡಿಗೆ ಮನೆಗೆ ಒಂದು ಸೂಚನಾಪತ್ರ ಬಂತು. ಬಾಣಂತಿಯ ಮಂಚ ನೆಲದಿಂದ ಸುಮಾರು 80 ಸೆಂಟಿಮೀಟರ್ ಎತ್ತರವಿರಬೇಕು, ಇಲ್ಲದಿದ್ದರೆ ಕಾಲುಗಳ ಅಡಿಗೆ ಕೊಡುವ ದಿಮ್ಮಿಗಳನ್ನು ಬಾಡಿಗೆಗೆ ತರಬೇಕು ಎಂದು ಅದರಲ್ಲಿತ್ತು. ಬಾಣಂತನ ಮಾಡಲೆಂದೇ ಹೊಸನಗರದ ಕಡೆಯಿಂದ ಬಂದಿದ್ದ ನನ್ನ ಅತ್ತೆಯವರು ಅದನ್ನು ಕೇಳಿ ಮಗಳ ಕಡೆ ತಿರುಗಿ, "ಇದೆಂಥದೇ, ಬಾಣಂತೀನ ಅಟ್ಟ ಹತ್ತಿಸ್ತಾರಾ ಇಲ್ಲಿ?" ಎಂದರು. ಆ ಎತ್ತರ ಬಾಣಂತಿಗಾಗಿ ಅಲ್ಲ, ಆಕೆಯನ್ನು ನೋಡಿಕೊಳ್ಳಲು ಬರುವವರ ಸೊಂಟ ನೋಯದಿರಲಿ ಎಂದು ಎಂಬುದನ್ನು ವಿವರಿಸಿದಾಗ ಸ್ವಲ್ಪ ಹೊತ್ತು ಸುಮ್ಮನಾದರು. ನೆಲದ ಮೇಲೆ ಕಾಲು ನೀಡಿ ಕೂತು, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕಿ ಮೀಯಿಸುತ್ತ ಐದಾರು ಬಾಣಂತನ ಮಾಡಿ ಮುಗಿಸಿದ ಅವರಿಗೆ ಸೊಂಟನೋವು ಹೊಸದಲ್ಲ. ಅದನ್ನೂ ಯಾರಾದರೂ ಲೆಕ್ಕಕ್ಕೆ ಹಿಡಿಯುತ್ತಾರೆಂಬುದು ಹೊಸದು.

ಮೊದಲ ಮಗು ಹುಟ್ಟಿದ್ದು 2017ರ ಮಳೆಗಾಲದಲ್ಲಿ, ಶಿವಮೊಗ್ಗದ ಒಂದು ಆಸ್ಪತ್ರೆಯಲ್ಲಿ. ಹೆರಿಗೆ ಸುಸೂತ್ರವಾಗಿಯೇ ಆಯಿತು. ನನ್ನ ಕೊರಗು ಹೆರಿಗೆಯ ಕೋಣೆಯ ಬಗ್ಗೆ ಅಲ್ಲ. ಮೂರನೆಯ ದಿನ ಮಾತ್ರೆಯ ಚೀಟಿ ಕೈಗಿಟ್ಟು ಕಳಿಸಿದ ಮೇಲೆ, ಘಟ್ಟದ ಮಳೆಯಲ್ಲಿ ತಾಯಿ ಮಗುವನ್ನು ಊರಿಗೆ ಕರೆದೊಯ್ದ ನಮಗೆ ಮುಂದಿನದನ್ನು ಕೇಳಲು ಯಾರೂ ಇರಲಿಲ್ಲ. ಆರನೆಯ ದಿನ ಹಾಲು ಕಟ್ಟಿ ಹೆಂಡತಿಗೆ ಜ್ವರ ಬಂತು. ಮನೆಯಲ್ಲಿದ್ದ ನಾಲ್ವರು ಹಿರಿಯರಿಂದ ನಾಲ್ಕು ಔಷಧ ಬಂದವು, ಅವುಗಳಲ್ಲಿ ಎರಡು ಒಂದಕ್ಕೊಂದು ವಿರುದ್ಧವಾಗಿದ್ದವು. ಮರುದಿನ ಅರ್ಧ ನೆನೆದ ಸೀರೆಯಲ್ಲೇ ಬಂದ ಆಶಾ ಕಾರ್ಯಕರ್ತೆ ಮಗುವನ್ನು ಜೋಳಿಗೆಯಲ್ಲಿ ತೂಗಿ, ಹಾಲು ಕುಡಿಸುವುದನ್ನು ನಿಲ್ಲಿಸಬೇಡಿ, ಜ್ವರಕ್ಕೆ ಇವತ್ತೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಎಂದು ಖಚಿತವಾಗಿ ಹೇಳಿದರು. ಆ ಮನೆಯಲ್ಲಿ ಆ ವಾರ ಕೇಳಿಬಂದ ಸರಿಯಾದ ಮಾತು ಅದೊಂದೇ. ಆಸ್ಪತ್ರೆಯಲ್ಲಿ ಹೆತ್ತವರ ಮನೆಗೆ ಆಶಾ 3, 7, 14, 21, 28 ಮತ್ತು 42ನೆಯ ದಿನ ಹೋಗಬೇಕೆಂಬುದು ಸರ್ಕಾರದ ನಿಯಮ. ದೂರದೂರ ಒಂಟಿಮನೆಗಳಿರುವ ಮಲೆನಾಡಿನಲ್ಲಿ ಆ ಆರು ಭೇಟಿಗಳ ಹಿಂದೆ ಎಷ್ಟು ಮೈಲಿ ನಡಿಗೆಯಿದೆ ಎಂಬುದನ್ನು ಗೌರವಧನ ನಿಗದಿ ಮಾಡಿದವರು ಯೋಚಿಸಿದಂತಿಲ್ಲ.

ನೆದರ್‌ಲ್ಯಾಂಡ್ಸ್‌ನ ಕ್ರಮವೇ ಬೇರೆ. ಆರೋಗ್ಯವಂತ ಬಸುರಿ ಇಲ್ಲಿ ತಜ್ಞ ವೈದ್ಯರ ಬಳಿಗೆ ಹೋಗುವುದೇ ಇಲ್ಲ. ತೊಡಕು ಕಾಣಿಸದಿದ್ದರೆ ಮೊದಲಿಂದ ಕೊನೆಯವರೆಗೆ ಅವಳ ಹೊಣೆ ಸೂಲಗಿತ್ತಿಯದು. ನಾಲ್ಕು ವರ್ಷದ ಪದವಿ ಮುಗಿಸಿದ ಈ ಸೂಲಗಿತ್ತಿ ದಾದಿಯಾಗಿ ಕಲಿತು ಬಂದವಳಲ್ಲ, ಯಾವ ವೈದ್ಯರ ಕೈಕೆಳಗೂ ದುಡಿಯುವವಳಲ್ಲ. ಸಹಜ ಹೆರಿಗೆ ಅವಳದು, ಉಪಕರಣ ಬೇಕಾದ ಹೆರಿಗೆ ವೈದ್ಯರದು ಎಂಬ ಗೆರೆಯನ್ನು 1865ರ ಕಾಯಿದೆಯೇ ಎಳೆದಿತ್ತು. ಹೆರಿಗೆಯಾದ ಮೇಲೆ ಬರುವವರು ಮತ್ತೊಬ್ಬರು. ಕ್ರಾಮ್‌ಜೋರ್ಗ್ ಎಂದು ಕರೆಯುವ ಆ ವ್ಯವಸ್ಥೆಯನ್ನು ಬಾಣಂತನ ಎಂದೇ ಅನುವಾದಿಸಬೇಕು. ಅದಕ್ಕೆಂದೇ ತರಬೇತಿ ಪಡೆದ ಒಬ್ಬರು ಸುಮಾರು ಎಂಟು ದಿನ ಮನೆಗೆ ಬಂದು ತಾಯಿ ಮಗು ಇಬ್ಬರನ್ನೂ ನೋಡಿಕೊಳ್ಳುತ್ತಾರೆ. ಕನಿಷ್ಠ 24 ಗಂಟೆ, ಹೆಚ್ಚೆಂದರೆ 80 ಗಂಟೆ. ವೆಚ್ಚದ ಬಹುಪಾಲು ಕಡ್ಡಾಯ ಆರೋಗ್ಯ ವಿಮೆಯದು, ಗಂಟೆಗಿಷ್ಟು ಎಂಬ ಸಣ್ಣ ಪಾಲು ಮನೆಯವರದು.

ನಮ್ಮ ಮನೆಗೆ ಬಂದವರು ನಲವತ್ತು ದಾಟುವವರೆಗೆ ಬೇಕರಿಯೊಂದರಲ್ಲಿ ದುಡಿದು, ಆಮೇಲೆ ಈ ಕೆಲಸ ಕಲಿತವರು. ಬಂದ ಮೊದಲ ದಿನವೇ ಅವರಿಗೂ ಅತ್ತೆಗೂ ಮೌನಸಮರ ಶುರುವಾಯಿತು. ಅವರು ಬಾಣಂತಿಯನ್ನು ಎಬ್ಬಿಸಿ ಷವರ್ ಕೆಳಗೆ ನಿಲ್ಲಿಸಿದರೆ ಅತ್ತೆಗೆ ಎದೆ ಝಲ್ಲೆನ್ನುತ್ತಿತ್ತು. ಅವರು ಗಾಳಿ ಬರಲೆಂದು ಕಿಟಕಿ ತೆರೆದರೆ ಅತ್ತೆ ಹೋಗಿ ಮುಚ್ಚಿ, ಮಗಳ ಕಿವಿಗೆ ಹತ್ತಿ ಇಡುತ್ತಿದ್ದರು. ಕೋಣೆಯಲ್ಲಿ ಕೆಂಡ ಇಡಬೇಕೆಂಬ ಅತ್ತೆಯ ಆಸೆಗೆ ಅವರು ಹೊಗೆ ಮಗುವಿನ ಶ್ವಾಸಕ್ಕೆ ಕೆಟ್ಟದ್ದು ಎಂದು ಒಪ್ಪಲಿಲ್ಲ. ಆದರೆ ಆ ಸಂಜೆ ಅವರೇ ಲೋಹದ ಶೀಶೆಗಳಿಗೆ ಬಿಸಿನೀರು ತುಂಬಿ, ಸೋರುವುದಿಲ್ಲವೆಂದು ತಲೆಕೆಳಗಾಗಿ ಅಲ್ಲಾಡಿಸಿ ನೋಡಿ, ಬಟ್ಟೆ ಸುತ್ತಿ, ಮಗುವಿನಿಂದ ಒಂದು ಅಂಗೈ ದೂರ ಬಿಟ್ಟು ತೊಟ್ಟಿಲಿಗಿಟ್ಟಾಗ ಅತ್ತೆ ನನ್ನನ್ನು ಕರೆದು ತೋರಿಸಿದರು. ಎಳೆಗೂಸಿಗೆ ಬಿಸುಪು ಬೇಕೆಂಬುದು ಇವರಿಗೂ ಗೊತ್ತು ಎಂಬ ಸಮಾಧಾನ ಅವರದು. ಮಗು ಹುಟ್ಟಿದ ಮನೆಯಲ್ಲಿ ಇಲ್ಲಿಯವರು ರಸ್ಕಿನ ಮೇಲೆ ಸಕ್ಕರೆ ಸವರಿದ ಸೋಂಪಿನ ಕಾಳು ಹಾಕಿ ಬಂದವರಿಗೆ ಕೊಡುತ್ತಾರೆ. ಸೋಂಪು ತಾಯಿಯ ಹಾಲು ಹೆಚ್ಚಿಸುತ್ತದೆಂಬುದು ಹಳೆಯ ನಂಬಿಕೆ. ಊರಿಂದ ಸಬ್ಬಸಿಗೆಯ ಬೀಜ, ಬಜೆ, ಲೇಹ್ಯದ ಭರಣಿ ಎಲ್ಲ ಹೊತ್ತು ತಂದಿದ್ದ ಅತ್ತೆಗೆ ಇದು ಎಲ್ಲಕ್ಕಿಂತ ಹಿಡಿಸಿತು.

ಮೂರನೆಯ ದಿನ ಮತ್ತೆ ಹಾಲು ಕಟ್ಟುವ ಲಕ್ಷಣ ಕಂಡಿತು. ಬೇಕರಿಯ ಆ ಹೆಂಗಸು ಅರ್ಧ ಗಂಟೆ ಪಕ್ಕದಲ್ಲಿ ಕೂತು, ಮಗುವಿನ ಬಾಯಿ ಕೂರುವ ಬಗೆಯನ್ನು ತಿದ್ದಿ, ಅದನ್ನೂ ತಾಯಿಯ ಜ್ವರವನ್ನೂ ಮಗುವಿನ ತೂಕವನ್ನೂ ಪುಸ್ತಕದಲ್ಲಿ ಬರೆದಿಟ್ಟರು. ಅಂದು ಮನೆಗೆ ಬಂದ ಸೂಲಗಿತ್ತಿ ಆ ಪುಸ್ತಕ ಓದಿಯೇ ಮುಂದಿನದನ್ನು ಹೇಳಿದಳು. ಮೊದಲ ಮಗುವಿನ ಹೊತ್ತಿಗೆ ಊರಿನಲ್ಲಿ ನಮಗೆ ಇಲ್ಲದೆ ಹೋದದ್ದು ಇದೇ. ಮಾಡಿದ್ದು ದೊಡ್ಡ ವೈದ್ಯವೇನಲ್ಲ. ಕಲಿತ ಒಂದು ಜೀವ ಮನೆಯಲ್ಲಿತ್ತು, ಅಷ್ಟೆ.

ನಮ್ಮಲ್ಲಿ ಆ ಜೀವ ಇರಲೇ ಇಲ್ಲವೆಂದಲ್ಲ. ಸೂಲು ಎಂಬ ಮಾತು ನಮ್ಮ ಕಡೆ ಈಗ ಕೊಟ್ಟಿಗೆಯಲ್ಲಷ್ಟೇ ಉಳಿದಿದೆ, ಎಮ್ಮೆಗೆ ಎಷ್ಟನೆಯ ಸೂಲು ಎಂದು ಕೇಳುವಾಗ. ಸೂಲಗಿತ್ತಿ ಬಹುಮಟ್ಟಿಗೆ ಕೆಳಗಿನದೆಂದು ಕರೆಸಿಕೊಂಡ ಜಾತಿಯ ಬಡ ಹೆಂಗಸು, ಅಜ್ಜಿಯಿಂದಲೋ ಅತ್ತೆಯಿಂದಲೋ ಕೈಕೆಲಸ ಕಲಿತವಳು. ಹೆರಿಗೆಯ ಹೊತ್ತಿಗೆ ಒಳಕೋಣೆಯವರೆಗೆ ಅವಳನ್ನು ಕರೆದ ಮನೆಗಳೇ ಪುರುಡು ಕಳೆದ ಮೇಲೆ ಅಕ್ಕಿ, ಕಾಯಿ, ಎಲೆಯಡಿಕೆ, ಒಂದು ಸೀರೆಯನ್ನು ಹೊರಜಗುಲಿಯಲ್ಲಿ ನಿಲ್ಲಿಸಿ ಕೊಟ್ಟದ್ದೂ ಉಂಟು. ಹಳೆಯ ಕಾಲವನ್ನು ಹೊಗಳುವವರು ಈ ಜಗುಲಿಯನ್ನು ನೆನೆಯುವುದಿಲ್ಲ. ಪಾವಗಡದ ಸೂಲಗಿತ್ತಿ ನರಸಮ್ಮ ಸಂಭಾವನೆ ಬಯಸದೆ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದರೆಂದು ಹೇಳುತ್ತಾರೆ. 2018ರಲ್ಲಿ ಪದ್ಮಶ್ರೀ ಬಂತು, ಅದೇ ಡಿಸೆಂಬರ್‌ನಲ್ಲಿ ತೀರಿಕೊಂಡರು. ನೆದರ್‌ಲ್ಯಾಂಡ್ಸ್‌ನ ಉತ್ತರದ ಫ್ರೀಸ್‌ಲ್ಯಾಂಡ್ ಪ್ರಾಂತ್ಯದಲ್ಲಿ ಕತಾರಿನಾ ಸ್ಖ್ರಾಡರ್ ಎಂಬ ವಿಧವೆ 1693ರಿಂದ 1745ರವರೆಗೆ ಮಾಡಿಸಿದ ಸುಮಾರು 3,000 ಹೆರಿಗೆಗಳನ್ನು ಒಂದೊಂದಾಗಿ ಬರೆದಿಟ್ಟಳು. ಅವಳಿಗೆ ಅಕ್ಷರ ಗೊತ್ತಿತ್ತು, ಆದ್ದರಿಂದ ಅವಳ ತಪ್ಪುಗಳಿಂದಲೂ ಮುಂದಿನವರು ಕಲಿತಾರು. ನಮ್ಮ ಸೂಲಗಿತ್ತಿಯರ ಅನುಭವ ಅವರೊಂದಿಗೇ ಮಣ್ಣಾಯಿತು.

ಮಲೆನಾಡಿನಲ್ಲಿ ಮತ್ತೆ ಮನೆಹೆರಿಗೆ ಬರಲಿ ಎಂದು ನಾನು ಹೇಳುವುದಿಲ್ಲ. ಶರಾವತಿ ಹಿನ್ನೀರಿನಾಚೆಯ ತುಮರಿಯವರು 2025ರ ಜುಲೈನಲ್ಲಿ ಸೇತುವೆ ಆಗುವವರೆಗೆ ಸಂಜೆಯ ಲಾಂಚ್ ತಪ್ಪಿದರೆ ರಾತ್ರಿಯ ನೋವನ್ನು ಹೇಗೆ ಕಳೆಯುತ್ತಿದ್ದರೆಂದು ಬಲ್ಲವರಿಗೆ ಆ ಮಾತು ಬಾಯಿಗೆ ಬಾರದು. ನೆದರ್‌ಲ್ಯಾಂಡ್ಸ್ ಸಪಾಟು ನೆಲ. ಅಂಬುಲೆನ್ಸ್ ನಿಮಿಷಗಳಲ್ಲಿ ಬರುತ್ತದೆ. ಅಷ್ಟಿದ್ದೂ 2000ದ ದಶಕದಲ್ಲಿ ಯೂರೋಪಿನ ದೇಶಗಳನ್ನು ಹೋಲಿಸಿ ನೋಡಿದಾಗ ಹುಟ್ಟಿನ ಆಸುಪಾಸಿನ ಶಿಶುಮರಣ ಇಲ್ಲಿ ಹೆಚ್ಚೆಂದು ಕಂಡು, ಮನೆಹೆರಿಗೆ ಸುರಕ್ಷಿತವೇ ಎಂಬ ದೊಡ್ಡ ಚರ್ಚೆಯೇ ನಡೆಯಿತು. ಈಗ ಇಲ್ಲಿಯೂ ಮನೆಹೆರಿಗೆ ಕಡಿಮೆಯಾಗಿದೆ. 2019–21ರ ಸಮೀಕ್ಷೆಯ ಪ್ರಕಾರ ಕರ್ನಾಟಕದ ಹೆರಿಗೆಗಳಲ್ಲಿ ಶೇ. 97ರಷ್ಟು ಆಸ್ಪತ್ರೆಗಳಲ್ಲೇ ಆಗುತ್ತಿವೆ. ಅದು ಹಾಗೆಯೇ ಇರಲಿ.

ಕೇಂದ್ರ ಸರ್ಕಾರ 2018ರಲ್ಲಿ ನರ್ಸಿಂಗ್ ಓದಿದವರಿಗೆ 18 ತಿಂಗಳ ಸೂಲಗಿತ್ತಿ ತರಬೇತಿ ಕೊಡುವ ಮಾರ್ಗಸೂಚಿ ತಂದಿತು. ಒಳ್ಳೆಯದೇ, ಆದರೆ ಅವರ ಜಾಗವೂ ಹೆಚ್ಚು ಹೆರಿಗೆಯಾಗುವ ಆಸ್ಪತ್ರೆಗಳಲ್ಲಿ. ಮೂರನೆಯ ದಿನದ ಆಚೆಗೆ ಮನೆಯಲ್ಲಿ ಉಳಿಯುವವರು ಆಶಾ ಮತ್ತು, ದುಡ್ಡಿದ್ದವರಿಗೆ, ದಿನಗೂಲಿಗೆ ಎರೆಯಲು ಬರುವ ಹೆಂಗಸು. ಈ ಎರಡನೆಯವರ ಕೈಯಲ್ಲಿ ಹದವಿದೆ, ಬಾಣಂತಿಯ ಮನಸ್ಸನ್ನು ಓದುವ ಕಣ್ಣಿದೆ. ಜೊತೆಗೆ ಬಾಣಂತಿಗೆ ನೀರು ಕೊಡಬಾರದು, ಮೊದಲ ಹಾಲು ಹಿಂಡಿ ಚೆಲ್ಲಬೇಕು ಎಂಬ ಅಪಾಯದ ನಂಬಿಕೆಗಳೂ ಇವೆ. ಇವರನ್ನೇ ಕೂರಿಸಿ ಕೆಲವು ತಿಂಗಳು ಕಲಿಸಿ, ಒಂದು ಪುಸ್ತಕ, ಒಂದು ತಕ್ಕಡಿ, ಮರ್ಯಾದೆಯ ಸಂಬಳ ಕೊಟ್ಟು ಮೊದಲ ಎಂಟು ದಿನ ಮನೆಮನೆಗೆ ಕಳಿಸಲು ಆಗದೇ? ಇದಕ್ಕೆ ಡಚ್ಚರಷ್ಟು ಸಿರಿವಂತಿಕೆ ಬೇಡ. ಮಗಳ ಬಾಣಂತನ ತಾಯಿಯ ಧರ್ಮ, ಅದಕ್ಕೇಕೆ ಸರ್ಕಾರದ ದುಡ್ಡು ಎಂಬ ನಮ್ಮದೇ ತಕರಾರು ಮೊದಲು ಎದ್ದು ನಿಲ್ಲುತ್ತದೆಂದು ಬಲ್ಲೆ. ನನ್ನ ತಂದೆಯವರದೂ ಅದೇ ವಾದ. ತಾಯಿ ಇಲ್ಲದ ಹೆಣ್ಣುಮಕ್ಕಳ ಬಗ್ಗೆ ಕೇಳಿದರೆ ಅವರು ಮಾತು ಬದಲಿಸುತ್ತಾರೆ.

ಎಂಟನೆಯ ದಿನ ಹೊರಡುವಾಗ ಬೇಕರಿಯ ಹೆಂಗಸು ಅತ್ತೆಯ ಎದುರು ನೆಲದ ಮೇಲೆ ಕೂತು, ಮಗುವನ್ನು ಕಾಲ ಮೇಲೆ ಮಲಗಿಸಿ ಎಣ್ಣೆ ತಿಕ್ಕುವುದನ್ನು ತನಗೂ ಕಲಿಸಿ ಎಂದರು. ಎರಡೇ ನಿಮಿಷಕ್ಕೆ ಸೊಂಟ ಹಿಡಿದುಕೊಂಡು ಎದ್ದರು. ಕಳೆದ ವರ್ಷ ಊರಿಗೆ ಹೋದಾಗ ಅತ್ತೆಯ ಬಚ್ಚಲುಮನೆಯಲ್ಲಿ ಹಂಡೆಯ ಪಕ್ಕ ಸೊಂಟದೆತ್ತರದ ಹೊಸ ಮರದ ಮೇಜೊಂದಿತ್ತು. ಸೊಸೆಯ ಬಾಣಂತನಕ್ಕೆಂದು ಆಚಾರಿಗೆ ಹೇಳಿ ಮಾಡಿಸಿದ್ದರಂತೆ. ಎಣ್ಣೆ ಹಚ್ಚುವುದು ಅದರ ಮೇಲೆ. ನೀರು ಹೊಯ್ಯುವುದು ಮಾತ್ರ ಈಗಲೂ ಕಾಲ ಮೇಲೆಯೇ.