ಐದೂವರೆ ಗುಂಟೆಯ ಅರಣ್ಯ

ನೆರೆಮನೆಯ ಭಾವನವರು ಮೂವತ್ತು ವರ್ಷಗಳಿಂದ ತಮ್ಮನ್ನು ತಾವು ಅಡಿಕೆ ಬೆಳೆಗಾರರೆಂದೇ ತಿಳಿದುಕೊಂಡಿದ್ದರು. ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸುವುದು, ಸುಗ್ಗಿ ಬಂದಾಗ ಕೊನೆ ಕೊಯ್ಯುವವರನ್ನು ಹುಡುಕಿಕೊಂಡು ಊರೂರು ತಿರುಗುವುದು, ಮಾರ್ಚಿಯಲ್ಲಿ ಸೊಸೈಟಿಯ ಸಾಲ ತುಂಬಿ ಏಪ್ರಿಲ್‌ನಲ್ಲಿ ಮತ್ತೆ ಎತ್ತುವುದು, ಇವೆಲ್ಲ ಕೃಷಿಯ ಲಕ್ಷಣಗಳೆಂದು ಅವರು ನಂಬಿದ್ದರು. ಮೊನ್ನೆ ಅವರ ಮನೆಯ ಜಗಲಿಯಲ್ಲಿ ಕುಳಿತು, ಡೆಹ್ರಾಡೂನಿನಲ್ಲಿರುವ ಭಾರತೀಯ ಅರಣ್ಯ ಸರ್ವೇಕ್ಷಣ ಸಂಸ್ಥೆಯ ವ್ಯಾಖ್ಯೆಯನ್ನು ಓದಿ ಹೇಳುವ ದುರ್ಬುದ್ಧಿ ನನಗೆ ಬಂತು. ಒಂದು ಹೆಕ್ಟೇರಿಗಿಂತ ಹೆಚ್ಚಿರುವ ಯಾವುದೇ ಜಾಗದಲ್ಲಿ ಮರಗಳ ಚಪ್ಪರವು ನೆಲದ ಶೇ 10ಕ್ಕಿಂತ ಹೆಚ್ಚು ಭಾಗವನ್ನು ಮುಚ್ಚಿದ್ದರೆ, ಜಾಗ ಯಾರದ್ದೇ ಆಗಿರಲಿ, ಮರ ಯಾವುದೇ ಆಗಿರಲಿ, ಅದು ಅರಣ್ಯ ಹೊದಿಕೆ. ಹೆಕ್ಟೇರ್ ಎಂದರೆ ಎರಡು ಎಕರೆ ಹತ್ತೊಂಬತ್ತು ಗುಂಟೆ. ಭಾವನವರ ತೋಟ ಎರಡು ಎಕರೆ ಮೂವತ್ತು ಗುಂಟೆ. ಹನ್ನೊಂದು ಗುಂಟೆಯ ಅಂತರದಲ್ಲಿ ಅವರು ಬೆಳೆಗಾರರ ಪಟ್ಟಿಯಿಂದ ಜಾರಿ ವನಪಾಲಕರ ಪಟ್ಟಿಗೆ ಬಿದ್ದರು.

ಇದರಲ್ಲಿ ಉಪಗ್ರಹದ ತಪ್ಪು ಕಿಂಚಿತ್ತೂ ಇಲ್ಲವೆಂಬುದನ್ನು ಮೊದಲೇ ಹೇಳಿಬಿಡುವುದು ನ್ಯಾಯ. ಎಂಟುನೂರು ಕಿಲೋಮೀಟರಿಗೂ ಎತ್ತರದಲ್ಲಿ ಸುತ್ತುವ ನಮ್ಮ ರಿಸೋರ್ಸ್‌ಸ್ಯಾಟ್, ಈ ಕೆಲಸಕ್ಕೆ ಒದಗಿಸುವ ಚಿತ್ರದಲ್ಲಿ 23.5 ಮೀಟರ್ ಉದ್ದಗಲದ ನೆಲವನ್ನು ಒಂದು ಚುಕ್ಕೆಯಾಗಿ ಕಾಣುತ್ತದೆ. ನಮ್ಮ ಲೆಕ್ಕದಲ್ಲಿ ಅದು ಸುಮಾರು ಐದೂವರೆ ಗುಂಟೆ. ಆ ಐದೂವರೆ ಗುಂಟೆಯಲ್ಲಿ ನಂದಿ ಮರವಿದೆಯೋ, ನೀಲಗಿರಿಯಿದೆಯೋ, ಕಾಳುಮೆಣಸಿನ ಬಳ್ಳಿ ಹಬ್ಬಿದ ಅಡಿಕೆಯಿದೆಯೋ ಎಂದು ಅದನ್ನು ಯಾರೂ ಕೇಳುವುದಿಲ್ಲ. ಹಸಿರಿದೆಯೇ ಎಂದಷ್ಟೇ ಕೇಳುತ್ತಾರೆ. ಅದೂ ಸಾಮಾನ್ಯವಾಗಿ ಅಕ್ಟೋಬರಿನಿಂದ ಡಿಸೆಂಬರಿನವರೆಗೆ, ಮೋಡ ಸರಿದು, ಎಲೆ ಉದುರಿಸುವ ಮರಗಳೂ ಇನ್ನೂ ಮೈತುಂಬ ಎಲೆ ಹೊತ್ತು ನಿಂತಿರುವ ಕಾಲದಲ್ಲಿ ತೆಗೆದ ಚಿತ್ರಗಳು. ತಾಂತ್ರಿಕವಾಗಿ ಇದು ಸರಿಯಾದ ಕ್ರಮವೇ ಆಗಿದ್ದರೂ, ಹೆಣ್ಣು ನೋಡುವವರಿಗೆ ಕಳುಹಿಸುವ ಫೋಟೊವನ್ನು ಹಬ್ಬದ ದಿನವೇ ತೆಗೆಸುತ್ತಿದ್ದ ನಮ್ಮ ಹಿರಿಯರ ಜಾಣ್ಮೆ ನೆನಪಾಗದೆ ಇರದು.

ಈ ಜಾಣ್ಮೆಗೆ ಹಳೆಯ ಇತಿಹಾಸವಿದೆ. 1980ರ ದಶಕದ ಮೊದಲರ್ಧದಲ್ಲಿ ರಾಷ್ಟ್ರೀಯ ದೂರಸಂವೇದಿ ಸಂಸ್ಥೆಯು ಉಪಗ್ರಹದ ಚಿತ್ರಗಳನ್ನು ನೋಡಿ, ಎಪ್ಪತ್ತರ ದಶಕದ ಆರಂಭದಲ್ಲಿ ದೇಶದ ಸುಮಾರು ಶೇ 17ರಷ್ಟಿದ್ದ ಕಾಡು ಶೇ 14ಕ್ಕೆ ಇಳಿದಿದೆಯೆಂದು ಹೇಳಿತು. ಅರಣ್ಯ ಸರ್ವೇಕ್ಷಣ ಸಂಸ್ಥೆಯ ಲೆಕ್ಕ ಬೇರೆಯೇ ಇತ್ತು. ಕೊನೆಗೆ ಎರಡೂ ಕಡೆಯವರು ಕುಳಿತು ಲೆಕ್ಕ ಹೊಂದಿಸಿಕೊಂಡರು. 1987ರ ಮೊದಲ ಅಧಿಕೃತ ವರದಿಯಲ್ಲಿ ಕಾಡು ಶೇ 19.5ರ ಆಸುಪಾಸಿಗೆ ಬಂದು ನಿಂತಿತು. ದಾಯಾದಿಗಳ ನಡುವೆ ರಾಜಿ ಪಂಚಾಯಿತಿಯಾದರೆ ಇಬ್ಬರಿಗೂ ಒಂದಿಷ್ಟು ನಷ್ಟವಾಗುವುದು ಲೋಕರೂಢಿ, ಆದರೆ ಈ ರಾಜಿಯಲ್ಲಿ ಮಾತ್ರ ಆಸ್ತಿಯೇ ಬೆಳೆಯಿತು. 1999ರಲ್ಲಿ 6,37,293 ಚದರ ಕಿಲೋಮೀಟರ್ ಇದ್ದ ಹೊದಿಕೆ 2001ರ ವರದಿಯಲ್ಲಿ 6,75,538ಕ್ಕೆ ಏರಿತು. ಆ ನಡುವೆ ಬದಲಾದದ್ದು ಮುಖ್ಯವಾಗಿ ಅಳೆಯುವ ವಿಧಾನ: ಇಡೀ ದೇಶದ ಚಿತ್ರಗಳನ್ನು ಗಣಕಯಂತ್ರದಲ್ಲಿ ಓದತೊಡಗಿದರು ಮತ್ತು ಒಂದು ಹೆಕ್ಟೇರಿನ ತುಂಡುಗಳೂ ಲೆಕ್ಕಕ್ಕೆ ಸಿಕ್ಕವು. ಹೆಚ್ಚಿದ್ದು 38,245 ಚದರ ಕಿಲೋಮೀಟರ್. 2021ರ ವರದಿಯ ಪ್ರಕಾರ ಇಡೀ ಕರ್ನಾಟಕದ ಅರಣ್ಯ ಹೊದಿಕೆ 38,730. ಅಂದರೆ ನಾಗರಹೊಳೆ, ಬಂಡೀಪುರ, ಕುದುರೆಮುಖ, ಕಾಳಿ ಕಣಿವೆ, ಜೊತೆಗೆ ನಮ್ಮ ಭಾವನವರ ತೋಟ, ಇಷ್ಟೂ ಸೇರಿದಷ್ಟು ಕಾಡನ್ನು ಎರಡು ವರ್ಷದಲ್ಲಿ ಸಸಿ ನೆಡದೆ, ನೀರು ಹಾಕದೆ ಬೆಳೆಸಿದ ಕೀರ್ತಿ ನಮ್ಮದು.

ಇಂಥ ದೃಷ್ಟಿಗೆ ದೇಶದ ಅತ್ಯಂತ ದಟ್ಟಾರಣ್ಯಪೀಡಿತ ಪ್ರದೇಶ ಯಾವುದೆಂದು ಕೇಳಿದರೆ ಮಿಜೋರಾಂ, ಅರುಣಾಚಲ ಎಂದು ಶಾಲೆಯ ಮಕ್ಕಳು ಹೇಳಿಯಾರು. ಭೂಭಾಗಕ್ಕೆ ಹೋಲಿಸಿದ ಶೇಕಡಾವಾರಿನಲ್ಲಿ ಮೊದಲ ಸ್ಥಾನ ಲಕ್ಷದ್ವೀಪದ್ದು: 2023ರ ವರದಿಯಲ್ಲಿ ಶೇ 91.33. ಆ ದ್ವೀಪಗಳಲ್ಲಿರುವುದು ತೆಂಗು. (ಅಮೀನಿ, ಕಡಮತ್ ಮೊದಲಾದ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು, ಉಳಿಸಿಕೊಂಡಿದ್ದರೆ ನಮ್ಮ ಶೇಕಡಾವಾರಿಗೆ ತೃಣಮಾತ್ರವಾದರೂ ಪುಷ್ಟಿ ಸಿಗುತ್ತಿತ್ತು.) ದೆಹಲಿಯಲ್ಲಿ ಸಚಿವರ ಬಂಗಲೆಗಳು, ಸಂಸತ್ ಮಾರ್ಗದ ರಿಸರ್ವ್ ಬ್ಯಾಂಕ್ ಕಟ್ಟಡ, ಏಮ್ಸ್ ಮತ್ತು ಐಐಟಿ ಆವರಣದ ಭಾಗಗಳು ಅರಣ್ಯವಾಗಿ ನಕ್ಷೆಯಲ್ಲಿ ಸೇರಿರುವುದನ್ನು ಪತ್ರಿಕೆಯೊಂದು ಕೆಲವು ವರ್ಷಗಳ ಹಿಂದೆ ಹೊರಗೆಳೆದಿತ್ತು. ಪಾಂಡವರಿಗೆ ಹನ್ನೆರಡು ವರ್ಷದ ವನವಾಸವಾದರೆ ನಮ್ಮ ಸಚಿವರಿಗೆ ಐದೈದು ವರ್ಷದ್ದು, ಮತದಾರರ ಕೃಪೆಯಿದ್ದರೆ ನವೀಕರಿಸಬಹುದಾದದ್ದು.

ಇದೇ ನಕ್ಷೆಯಲ್ಲಿ ಕಾಡಾಗಲು ಅರ್ಹತೆಯಿಲ್ಲದವರೂ ಇದ್ದಾರೆ. ರಾಣೆಬೆನ್ನೂರಿನ ಕೃಷ್ಣಮೃಗಗಳು ಬದುಕುವುದು ಹುಲ್ಲಿನಲ್ಲಿ. ಹುಲ್ಲಿಗೆ ಚಪ್ಪರವಿಲ್ಲ, ಆದ್ದರಿಂದ ಅದು ಅರಣ್ಯವಲ್ಲ. ಅದೇ ಅಭಯಾರಣ್ಯದೊಳಗೆ ನೆಟ್ಟ ನೀಲಗಿರಿ ಮಾತ್ರ ಅರಣ್ಯ. ಕುದುರೆಮುಖದ ನೆತ್ತಿಯ ಹುಲ್ಲುಗಾವಲಿಗೂ ಇದೇ ಗತಿ. ಪಾಪ, ಜಿಂಕೆಗಳಿಗೆ ವ್ಯಾಖ್ಯೆ ಓದಲು ಬರುವುದಿಲ್ಲ.

ಉಪಗ್ರಹಕ್ಕೆ ಕಾಣದ್ದನ್ನು ಕಾಣುವುದಕ್ಕೆಂದೇ ಕ್ಷೇತ್ರ ಸಮೀಕ್ಷೆ ಇದೆಯಲ್ಲ ಎಂದು ಓದುಗರು ಕೇಳಬಹುದು. ಇದೆ. ಒಮ್ಮೆ ಟೇಪು, ಜಿಪಿಎಸ್ ಮತ್ತು ದಪ್ಪ ನಮೂನೆಗಳೊಂದಿಗೆ ಇಬ್ಬರು ಯುವಕರು ಭಾವನವರ ತೋಟಕ್ಕೇ ಬಂದಿದ್ದರು. ಎದೆಮಟ್ಟದಲ್ಲಿ, ಅಂದರೆ ನೆಲದಿಂದ 1.37 ಮೀಟರ್ ಎತ್ತರದಲ್ಲಿ, ಕಾಂಡದ ದಪ್ಪ ಅಳೆಯಬೇಕು. ಮೊದಲ ಮರಕ್ಕೆ ಟೇಪು ಸುತ್ತಿದಾಗಲೇ ಮೆಣಸಿನ ಬಳ್ಳಿ ಅಡ್ಡ ಬಂತು. ಬಳ್ಳಿಯನ್ನು ಸೇರಿಸಿ ಅಳೆಯಬೇಕೋ, ಬಿಡಿಸಿ ಅಳೆಯಬೇಕೋ ಎಂಬ ಚರ್ಚೆ ಹತ್ತು ನಿಮಿಷ ನಡೆಯಿತು; ಬಳ್ಳಿಗೆ ಕೈಹಾಕಿದರೆ ಮೆಣಸಿನ ಗೆರೆ (ಕಾಳಿನ ಗೊಂಚಲು) ಹರಿಯುತ್ತದೆಂದು ಭಾವನವರು ಟೇಪಿನ ಇನ್ನೊಂದು ತುದಿ ಹಿಡಿದು ನಿಂತೇ ಇದ್ದರು. ಕಡೆಗೆ ಒಬ್ಬನು ಬಳ್ಳಿಯ ಕೆಳಗೆ ಬೆರಳಿನಿಂದ ಟೇಪನ್ನು ನುಸುಳಿಸಿದನು, ಮತ್ತೊಬ್ಬನು ಜಾತಿಯ ಕಾಲಂನಲ್ಲಿ ಸ್ಪಷ್ಟವಾಗಿ ಅಡಿಕೆ ಎಂದು ಬರೆದುಕೊಂಡನು. ಇಬ್ಬರೂ ಮಜ್ಜಿಗೆ ಕುಡಿದು, ತೋಟ ಚೆನ್ನಾಗಿದೆಯೆಂದು ಹೇಳಿ ಹೋದರು. ತೋಟ ಎಂದೇ ಹೇಳಿದರು. ಆದರೆ ನಕ್ಷೆಯಲ್ಲಿರುವುದು ಅತಿ ದಟ್ಟ, ಮಧ್ಯಮ ದಟ್ಟ, ವಿರಳ ಎಂಬ ಮೂರು ಹಸಿರುಗಳು. ತೋಟಕ್ಕೆಂದು ಒಂದು ಬಣ್ಣವಿಲ್ಲ. ನೆಲದ ಮೇಲೆ ನಿಂತವನಿಗೆ ಗೊತ್ತಿದ್ದ ಸಂಗತಿ ನಕ್ಷೆಗೆ ಏರುವಾಗ ಜಗಲಿಯಲ್ಲೇ ಉಳಿದುಹೋಯಿತು.

ಕೇಂದ್ರ ಸರ್ಕಾರ ಹೀಗೆ ಕಾಡು ಬೆಳೆಸುವಾಗ ರಾಜ್ಯ ಸರ್ಕಾರ ಸುಮ್ಮನೆ ಕೂರಲಿಲ್ಲ. ಅದು ಕಾಡು ಕಳೆಯುವ ಕೆಲಸ ಹಿಡಿಯಿತು. ಸುಮಾರು 9.94 ಲಕ್ಷ ಹೆಕ್ಟೇರ್ ಇದ್ದ ಡೀಮ್ಡ್ ಫಾರೆಸ್ಟ್, ಅಂದರೆ ಅರಣ್ಯವೆಂದು ಘೋಷಣೆಯಾಗದಿದ್ದರೂ ಅರಣ್ಯವೆಂದೇ ಪರಿಗಣಿಸಿದ ನೆಲ, 2022ರಲ್ಲಿ ಸುಮಾರು 3.30 ಲಕ್ಷ ಹೆಕ್ಟೇರಿಗೆ ಇಳಿಯಿತು. ಅದರಲ್ಲಿ ಬಹಳಷ್ಟು ಕಡೆ ನಿಜಕ್ಕೂ ಮನೆ, ಗದ್ದೆ, ಶಾಲೆಗಳಿದ್ದುದರಿಂದ ರೈತರು ನಿಟ್ಟುಸಿರು ಬಿಟ್ಟದ್ದು ಸಹಜವೇ. ನಾನು ಬೆರಗಾದದ್ದು ವಿಧಾನಕ್ಕೆ: ಆರೂವರೆ ಲಕ್ಷ ಹೆಕ್ಟೇರ್ ಅರಣ್ಯ ಕೊಡಲಿಯ ಸದ್ದಿಲ್ಲದೆ ಸರಿದುಹೋಯಿತು, ಮೇಲಿದ್ದ ಉಪಗ್ರಹಕ್ಕೆ ಒಂದೆಲೆ ಅಲುಗಿದ್ದೂ ಕಾಣಲಿಲ್ಲ. ದೇಶದ ಮಟ್ಟದಲ್ಲಿಯೂ ಹೀಗೆಯೇ. ದಾಖಲೆಯಲ್ಲಿ ಅರಣ್ಯವೆಂದಿರುವ ನೆಲ ಸುಮಾರು 7.75 ಲಕ್ಷ ಚದರ ಕಿಲೋಮೀಟರ್. ಅದರೊಳಗೆ ಅರಣ್ಯ ಹೊದಿಕೆಯಿರುವುದು ಸುಮಾರು 5.2 ಲಕ್ಷದಲ್ಲಿ. ಹಿಮ, ಹುಲ್ಲು, ನದಿಗಳನ್ನು ಬಿಟ್ಟುಕೊಟ್ಟರೂ ಕಾಡಿನೊಳಗೆ ಕಾಡು ಹುಡುಕಬೇಕಾದ ಸ್ಥಿತಿ, ಕಾಡಲ್ಲದ ಕಡೆ ಮಾತ್ರ ಅದು ಧಾರಾಳವಾಗಿ ಸಿಗುತ್ತದೆ.

2024ರ ಡಿಸೆಂಬರಿನಲ್ಲಿ ಬಿಡುಗಡೆಯಾದ 2023ರ ವರದಿಯಂತೆ ಅರಣ್ಯ ಹೊದಿಕೆ ಮತ್ತು ಮರಗಳ ಹೊದಿಕೆ (ಅರಣ್ಯದ ಲೆಕ್ಕಕ್ಕೆ ಸಿಗದ ಚಿಕ್ಕ ತುಂಡು, ಬಿಡಿ ಮರಗಳದ್ದು) ಸೇರಿ ದೇಶದ ಶೇ 25.17. ಎರಡು ವರ್ಷದ ಹೆಚ್ಚಳ 1,445 ಚದರ ಕಿಲೋಮೀಟರ್ ಎಂದು ಶೀರ್ಷಿಕೆಗಳು ಬಂದವು. ಅದರಲ್ಲಿ ಅರಣ್ಯ ಹೊದಿಕೆಯ ಪಾಲು 156 ಎಂಬುದು ಒಳಪುಟದ ವಿಷಯ. 1988ರ ಅರಣ್ಯ ನೀತಿ ಮೂರನೇ ಒಂದು ಭಾಗ ಬೇಕೆಂದು ಕೇಳಿದೆ. ಇನ್ನುಳಿದ ಎಂಟು ಚಿಲ್ಲರೆ ಅಂಶಗಳಿಗೆ ಬಾಲ್ಕನಿಯ ತುಳಸಿ ಕಟ್ಟೆಗಳನ್ನು ಪರಿಶೀಲಿಸಬಹುದು, ಒಂದು ಹೆಕ್ಟೇರಿನ ನಿಯಮವನ್ನು ಸ್ವಲ್ಪ ಸಡಿಲಿಸಿದರಾಯಿತು.

ಇಷ್ಟನ್ನೂ ಕೇಳಿದ ಭಾವನವರು ಕವಳ ತುಪ್ಪಿ ಬಂದು, ಚಿಂತೆಯ ಮುಖ ಮಾಡಿದರು.

"ಅಲ್ಲ ಮಾರಾಯ, ತೋಟದ ಮೇಲಿನ ಭಾಗದಲ್ಲಿ ಮುದಿಮರ ಒಂದಷ್ಟು ತೆಗೆಸಬೇಕು ಅಂತಿದ್ದೆ. ಈಗ ಅದಕ್ಕೂ ಪರ್ಮಿಷನ್ ಬೇಕಾ?"

"ಎಷ್ಟು ತೆಗೆಸ್ತೀರಿ ಭಾವ?"

"ಒಂದು ಐವತ್ತು."

"ಐವತ್ತಲ್ಲ, ಹತ್ತರಲ್ಲಿ ಎಂಟು ಪಾಲು ತೆಗೆಸಿದರೂ ನಕ್ಷೆಯ ಬಣ್ಣ ಒಂದಿಷ್ಟು ತಿಳಿಯಾಗಬಹುದು ಅಷ್ಟೇ. ಶೇ 10 ದಾಟಿದ್ದರೆ ಅದು ಕಾಡೇ."

ಭಾವನವರು ಸ್ವಲ್ಪ ಹೊತ್ತು ತೋಟದ ಕಡೆಗೆ ನೋಡುತ್ತಿದ್ದರು. ಆಮೇಲೆ ಎದ್ದು, ಕೊಟ್ಟಿಗೆಯ ಮಾಡಿಗೆ ಸಿಕ್ಕಿಸಿದ್ದ ಕತ್ತಿಯನ್ನು ತೆಗೆದು ಅಲಗನ್ನು ಹೆಬ್ಬೆರಳಿನಿಂದ ಸವರಿ ನೋಡಿದರು.