‘ಜೋರಾಗಿ ಮಾತಾಡು’ ಅನ್ನೋ ಮುಂಚೆ ರೇಡಿಯೋ ಮೆನು ನೋಡಿ

ಭಾನುವಾರದ ಸಿಟ್ಟು ಇನ್ನೂ ಇಳಿದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಾವು ಹ್ಯಾಮ್ ಗೆಳೆಯರು, ಅಂದರೆ ಲೈಸೆನ್ಸ್ ಪಡೆದು ಹವ್ಯಾಸಕ್ಕೆ ರೇಡಿಯೋದಲ್ಲಿ ಮಾತಾಡುವವರು, ಚಿತ್ರದುರ್ಗದಲ್ಲಿ ಪ್ರಾಕ್ಟೀಸಿಗೆ ಸೇರಿದ್ದೆವು. ನಾನು ಜೋಗಿಮಟ್ಟಿ ಬೆಟ್ಟದ ಮೇಲಿದ್ದೆ. ಮೊನ್ನೆ ಮೊನ್ನೆ ಲೈಸೆನ್ಸ್ ಬಂದ ಹುಡುಗ ಕೋಟೆಯಲ್ಲಿ, ತುಪ್ಪದ ಕೊಳದ ಬತ್ತೇರಿ ಹತ್ತಿರ. ಅವನ ಸಿಗ್ನಲ್ ಪೂರ್ತಿ ಬರುತ್ತಿತ್ತು. ಮಾತು ಮಾತ್ರ ಪಿಸುಗುಟ್ಟಿದ ಹಾಗೆ. ಒಬ್ಬರು ‘ಜೋರಾಗಿ ಮಾತಾಡೋ’ ಅಂದರು. ಇನ್ನೊಬ್ಬರು ‘ಬಾಯಿ ಹತ್ತಿರ ಹಿಡಿ’. ಮತ್ತೊಬ್ಬರು ‘ಬ್ಯಾಟರಿ ಇಳಿದಿರಬೇಕು’. ಅರ್ಧ ಗಂಟೆ ಕೂಗಿ ಕೂಗಿ ಹುಡುಗನ ಗಂಟಲು ಕಟ್ಟಿತು. ಕೊನೆಗೆ ‘ನನ್ನಿಂದ ಆಗಲ್ಲ ಬಿಡಿ ಅಣ್ಣಾ’ ಅಂದುಬಿಟ್ಟ. ಹೊಟ್ಟೆ ಉರಿಯಿತು ನನಗೆ.

ಅವನ ರೇಡಿಯೋ ಸೆಟ್ ಮೆನುವಿನಲ್ಲಿ ನ್ಯಾರೋ (ಕಿರಿದು) ಅಂತ ಇತ್ತು, ನಮ್ಮೆಲ್ಲರದ್ದು ವೈಡ್ (ಅಗಲ). ಇಷ್ಟೇ ವಿಷಯ!

ನಮ್ಮ ಸೆಟ್‌ಗಳು ಬಳಸುವ ಎಫ್‌ಎಂ ವಿಧಾನದಲ್ಲಿ ನಮ್ಮ ದನಿ ಫ್ರೀಕ್ವೆನ್ಸಿಯನ್ನು ಆಚೀಚೆ ತೂಗಾಡಿಸುತ್ತದೆ. ವೈಡ್ ಅಂದರೆ 25 ಕಿಲೋಹರ್ಟ್ಸ್ ಅಗಲದ ಚಾನೆಲ್, ತೂಗಾಟ ಆ ಕಡೆ 5, ಈ ಕಡೆ 5. ನ್ಯಾರೋ ಅಂದರೆ 12.5, ತೂಗಾಟ ಎರಡೂವರೆ. ವೈಡ್ ಸೆಟ್ ಕಿವಿಗೆ ಅರ್ಧ ತೂಗಾಟ ಸಣ್ಣ ದನಿಯಾಗಿಯೇ ಕೇಳುತ್ತದೆ. ಎಷ್ಟು ಕೂಗಿದರೂ ನ್ಯಾರೋ ಸೆಟ್ ಒಳಗಿನ ಲಿಮಿಟರ್ (ತೂಗಾಟಕ್ಕೆ ಮಿತಿ ಹಾಕುವ ಭಾಗ) ಎರಡೂವರೆ ದಾಟಲು ಬಿಡುವುದಿಲ್ಲ. ಕೂಗಿದಷ್ಟೂ ದನಿ ಒಡೆಯುತ್ತದೆ, ದೊಡ್ಡದಾಗುವುದಿಲ್ಲ. ಇನ್ನು ವೈಡ್‌ನವರು ಮಾತಾಡಿ ನ್ಯಾರೋದವರು ಕೇಳುತ್ತಿದ್ದರೆ? ಜೋರು ಮಾತು ಕೇಳುವವರ ಸೆಟ್‌ನ ಕಿರಿದಾದ ಫಿಲ್ಟರಿನ ಆಚೆ ಚೆಲ್ಲಿ ಹರಿದು ಹರಿದು ಬರುತ್ತದೆ. ಅಲ್ಲಿ ಮೆಲ್ಲಗೆ ಮಾತಾಡಬೇಕು. ನಾವು ಮಾತ್ರ ಎರಡಕ್ಕೂ ಒಂದೇ ಮದ್ದು ಹೇಳುತ್ತೇವೆ: ಜೋರಾಗಿ ಮಾತಾಡು.

ಒಂದು ಮಾತು ಒಪ್ಪಿಕೊಳ್ಳಬೇಕು. ವರ್ಷಗಳ ಹಿಂದೆ ದಾವಣಗೆರೆಯ ಗೆಳೆಯನಿಗೆ ನಾನೇ ‘ನಿನ್ನ ಮೈಕ್ ಹೋಗಿದೆ’ ಅಂದಿದ್ದೆ. ಪಾಪ, ದುಡ್ಡು ಕೊಟ್ಟು ಹೊಸ ಮೈಕ್ ತಂದ. ದನಿ ಹಾಗೇ ಇತ್ತು. ಬೇಜಾರಾಗಿ ರೇಡಿಯೋ ಮುಟ್ಟುವುದನ್ನೇ ಬಿಟ್ಟ. ಮೆನು ನೋಡೋಣ ಅಂತ ನನಗೆ ಹೊಳೆಯಲೇ ಇಲ್ಲ. ಅದು ಇವತ್ತಿಗೂ ಚುಚ್ಚುತ್ತದೆ.

‘ನ್ಯಾರೋನೇ ಒಳ್ಳೇದು, ಅಮೆರಿಕದಲ್ಲಿ ಕಡ್ಡಾಯ ಮಾಡಿದ್ದಾರೆ’ ಅಂತ ಗ್ರೂಪಿನಲ್ಲಿ ಒಬ್ಬರು ಹಾಕಿದ್ದಾರೆ. ಹೌದು, ಅಲ್ಲಿನ ಪೊಲೀಸ್, ಅಗ್ನಿಶಾಮಕ, ಕಂಪನಿಗಳ ಹಲವು ಬ್ಯಾಂಡ್‌ಗಳಿಗೆ 2013ರ ಜನವರಿ 1ರ ಗಡುವು ಇತ್ತು. ಒಂದು ಚಾನೆಲ್ ಜಾಗದಲ್ಲಿ ಎರಡು ಕೂರಿಸಬೇಕಿತ್ತು, ಜಾಗ ಸಾಲುತ್ತಿರಲಿಲ್ಲ. ಆದರೆ ಆ ನಿಯಮ ಅಲ್ಲಿನ ಹ್ಯಾಮ್‌ಗಳಿಗೇ ಇರಲಿಲ್ಲ. ನಮ್ಮ 144ರಿಂದ 146 ಮೆಗಾಹರ್ಟ್ಸ್‌ನಲ್ಲಿ ದುರ್ಗದಲ್ಲಿ ಮಾತಾಡುವವರು ಬೆರಳೆಣಿಕೆ. ಜಾಗಕ್ಕೇನು ಬರ? ಬೇಕಿದ್ದರೆ ಎಲ್ಲರೂ ನ್ಯಾರೋಗೇ ಹೋಗೋಣ, ನನ್ನ ತಕರಾರಿಲ್ಲ. ಒಬ್ಬ ಅಲ್ಲಿ, ಹತ್ತು ಜನ ಇಲ್ಲಿ ಇದ್ದುಕೊಂಡು ಆ ಒಬ್ಬನನ್ನು ಬೈಯುವುದು ಬೇಡ.

ಭಾನುವಾರ ಕೊನೆಗೆ ನಾನು ಆ ಹುಡುಗನಿಗೆ ‘ತಮ್ಮಾ, ಮೆನು ಒತ್ತಿ ಐದನೇ ನಂಬರಿಗೆ ಹೋಗು, ವೈಡ್ ಮಾಡು’ ಅಂದೆ. ಎರಡು ನಿಮಿಷ ಸದ್ದಿಲ್ಲ. ಆಮೇಲೆ ಬಂತು ನೋಡಿ ದನಿ! ನನ್ನ ಸೆಟ್ ವಾಲ್ಯೂಮ್ ಪೂರ್ತಿ ಇತ್ತು, ಕಿವಿಯಿಂದ ದೂರ ಹಿಡಿದೆ. ಅವನು ಕೂಗುತ್ತಿರಲಿಲ್ಲ. ಕಟ್ಟಿದ ಗಂಟಲಲ್ಲಿ ಮೆಲ್ಲಗೆ ಕೇಳುತ್ತಿದ್ದ: ‘ಅಣ್ಣಾ, ಈಗ ಕೇಳ್ತಿದೆಯಾ?’